ಧೈರ್ಯ ಐತೆ, ನಿದ್ದೆ ಇಲ್ಲ

ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಅಂತ ಎಡ ಎದೆಯ ಆಪರೇಷನ್ ಆಗಿ ಹನ್ನೆರಡು ದಿನ ಆಗಿತ್ತು. ಜಗಳೂರು ಕಡೆಯ ಹಳ್ಳಿ ಅವಳದು. ನೋಡೋಕೆ ಬರುವವರಿಗೆ ಲೆಕ್ಕವೇ ಇರಲಿಲ್ಲ. ಎಲ್ಲರ ಕೈಯಲ್ಲೂ ಬಾಳೆಹಣ್ಣು, ಇಲ್ಲಾಂದ್ರೆ ಬ್ರೆಡ್ಡು. ಎಲ್ಲರ ಬಾಯಲ್ಲೂ ಒಂದೇ ಮಾತು. "ಧೈರ್ಯವಾಗಿರಕ್ಕಾ, ಏನೂ ಆಗಲ್ಲ." ಸಂಜೆ ಎಲ್ಲರೂ ಎದ್ದು ಹೋದ ಮೇಲೆ ದೊಡ್ಡಮ್ಮ ಗೋಡೆಗೆ ಒರಗಿ ಕೂತು ನನಗೆ ಹೇಳಿದಳು: "ಧೈರ್ಯ ಐತವ್ವಾ. ನಿದ್ದೆ ಇಲ್ಲ ನೋಡು."

ಆಮೇಲೆ ನಾನು ಓದಿದ್ದು, ಡಾಕ್ಟರುಗಳನ್ನು ಕೇಳಿದ್ದು ಎಲ್ಲವೂ ಆ ಇಲ್ಲದ ನಿದ್ದೆಯ ಬೆನ್ನು ಹತ್ತಿಯೇ.

ಅವಳ ಫೈಲು ದಪ್ಪಗಿತ್ತು. ಗಂಟು ಎಷ್ಟು ಸೆಂಟಿಮೀಟರ್ ಅಂತ ಅದರಲ್ಲಿತ್ತು. ಕಂಕುಳಲ್ಲಿ ಎಷ್ಟು ಗ್ರಂಥಿ ತೆಗೆದರು, ಎಷ್ಟರಲ್ಲಿ ಕ್ಯಾನ್ಸರ್ ಸಿಕ್ಕಿತು ಅಂತಲೂ ಇತ್ತು. ಹಿಮೋಗ್ಲೋಬಿನ್, ಬಿಪಿ, ಶುಗರ್ ಎಲ್ಲ ಇತ್ತು. ಆದರೆ ರಾತ್ರಿ ಮೂರಕ್ಕೆ ಎದ್ದು ಕೂರುತ್ತಾಳೆ ಅನ್ನೋದು ಎಲ್ಲೂ ಇರಲಿಲ್ಲ. ರೊಟ್ಟಿ ತಟ್ಟೋಕೆ ಕೈ ಏಳುತ್ತಾ, ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತಾ, ಮದುವೆ ಮನೆಗೆ ಹೋಗೋಕೆ ಮನಸ್ಸಿದೆಯಾ, ಇವಕ್ಕೂ ಫೈಲಿನಲ್ಲಿ ಜಾಗ ಇರಲಿಲ್ಲ.

ಈ ಬಿಟ್ಟುಹೋದ ಭಾಗಕ್ಕೆ ವೈದ್ಯರ ಭಾಷೆಯಲ್ಲಿ ಜೀವನದ ಗುಣಮಟ್ಟ ಅನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ಸರ್ಕಾರಿ ಯೋಜನೆ ಅನ್ನಿಸುತ್ತದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ವಿವರಿಸುವ ರೀತಿ ಮಾತ್ರ ನನಗೆ ಹಿಡಿಸಿತು. ಒಬ್ಬರು ತಾವು ಬದುಕುವ ಊರು, ಸಂಸ್ಕೃತಿಯ ನಡುವೆ ನಿಂತು, ತಮ್ಮ ಆಸೆ, ಗುರಿ, ಚಿಂತೆಗಳ ಲೆಕ್ಕದಲ್ಲಿ ತಮ್ಮ ಬದುಕನ್ನು ತಾವೇ ಹೇಗೆ ಕಾಣುತ್ತಾರೆ ಅನ್ನೋದೇ ಅದು. ಇಲ್ಲಿ "ತಾವೇ" ಅನ್ನೋ ಪದಕ್ಕೆ ತೂಕ ಜಾಸ್ತಿ. ಡಾಕ್ಟರ್ ಕಂಡ ಹಾಗಲ್ಲ, ಮಗ ಕಂಡ ಹಾಗೂ ಅಲ್ಲ.

ಇದನ್ನು ಅಳೆಯೋದು ಹೇಗೆ? ರಕ್ತ ತೆಗೆದು ನೋಡೋಕಾಗಲ್ಲ. ಕೇಳಬೇಕು, ಅಷ್ಟೇ. ಕೇಳೋದಕ್ಕೂ ಒಂದು ಕ್ರಮ ಇದೆ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿ ಮಾಡಿದ ಒಂದು ಪ್ರಶ್ನಾವಳಿ ಜಗತ್ತಿನ ತುಂಬ ಬಳಕೆಯಲ್ಲಿದೆ. ಹೆಸರು ಕ್ಯೂಎಲ್‌ಕ್ಯೂ-ಸಿ30, ಬಂದದ್ದು 1993ರಲ್ಲಿ. ಅದರಲ್ಲಿ 30 ಪ್ರಶ್ನೆ. ಕನ್ನಡದಲ್ಲೂ ಇದೆ. ಕಳೆದ ಒಂದು ವಾರದಲ್ಲಿ ಸುಸ್ತಾಗಿತ್ತಾ, ನಿದ್ದೆಗೆ ತೊಂದರೆ ಆಯ್ತಾ, ಚಿಂತೆ ಹತ್ತಿತ್ತಾ, ಮನೆಯವರ ಜೊತೆಗಿನ ಬದುಕಿಗೆ ಅಡ್ಡಿ ಆಯ್ತಾ, ದುಡ್ಡಿನ ಕಷ್ಟ ಆಯ್ತಾ ಅಂತ ಕೇಳುತ್ತದೆ. ಹೆಚ್ಚಿನ ಪ್ರಶ್ನೆಗೆ ನಾಲ್ಕು ಉತ್ತರ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಕೊನೆಯ ಎರಡಕ್ಕೆ ಮಾತ್ರ ಒಂದರಿಂದ ಏಳರವರೆಗೆ ಅಂಕ ಹಾಕಬೇಕು. ಎದೆ ಕ್ಯಾನ್ಸರ್ ಆದವರಿಗೆ ಇದರ ಜೊತೆ ಇನ್ನೂ 23 ಪ್ರಶ್ನೆಯ ಹಾಳೆ ಸೇರುತ್ತದೆ. ಅದರಲ್ಲಿ ಕೂದಲು ಉದುರಿದ್ದು, ಕೈ ಊದಿದ್ದು, ಕನ್ನಡಿ ಮುಂದೆ ನಿಂತಾಗ ಅನ್ನಿಸೋದು, ಗಂಡ ಹೆಂಡತಿ ನಡುವಿನ ವಿಷಯ, ಮುಂದಿನ ದಿನಗಳ ಭಯ ಎಲ್ಲ ಬರುತ್ತದೆ.

ಉತ್ತರಗಳನ್ನು ಕೂಡಿಸಿ ಸೊನ್ನೆಯಿಂದ ನೂರರ ಅಳತೆಗೆ ತರುತ್ತಾರೆ. ಇಲ್ಲೇ ಒಂದು ಗೊಂದಲ ಇದೆ. ಓಡಾಟ, ಕೆಲಸ, ಮನಸ್ಸು, ಜನರೊಂದಿಗಿನ ಬೆರೆಯುವಿಕೆ, ಇವುಗಳಲ್ಲಿ ಅಂಕ ಜಾಸ್ತಿ ಬಂದರೆ ಒಳ್ಳೆಯದು. ಸುಸ್ತು, ನೋವು, ವಾಂತಿ, ಇವುಗಳಲ್ಲಿ ಅಂಕ ಜಾಸ್ತಿ ಬಂದರೆ ಕೆಟ್ಟದ್ದು. ಪತ್ರಿಕೆಯಲ್ಲಿ ಯಾವುದಾದರೂ ಅಧ್ಯಯನದ ಬಗ್ಗೆ ಓದುವಾಗ "ಅಂಕ ಏರಿತು" ಅಂತಿದ್ದರೆ, ಯಾವುದರ ಅಂಕ ಅಂತ ಒಮ್ಮೆ ನೋಡಿ.

ಪ್ರಶ್ನಾವಳಿ ಯಾಕೆ ಬೇಕು, ಡಾಕ್ಟರಿಗೆ ಗೊತ್ತಾಗಲ್ವಾ ಅಂತ ಕೇಳಬಹುದು. ಅಷ್ಟಾಗಿ ಗೊತ್ತಾಗಲ್ಲ. ಸುಸ್ತು, ನಿದ್ದೆ, ಬೇಸರದಂಥ ತೊಂದರೆಗಳನ್ನು ರೋಗಿ ಹೇಳುವುದಕ್ಕಿಂತ ಡಾಕ್ಟರುಗಳು ಕಡಿಮೆ ಅಂದಾಜು ಮಾಡುತ್ತಾರೆ ಅಂತ ಎಷ್ಟೋ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಮ್ಮ ಕಡೆ ಇದಕ್ಕೊಂದು ಒಗ್ಗರಣೆಯೂ ಇದೆ. ನಾನೇ ಕೂತು ನೋಡಿದ್ದು. ಡಾಕ್ಟರ್ ಕೇಳಿದ್ದು ದೊಡ್ಡಮ್ಮನನ್ನು, "ಹೇಗಿದ್ದೀರಮ್ಮ?" ಉತ್ತರ ಕೊಟ್ಟವನು ನಮ್ಮಣ್ಣ, "ಆರಾಮಿದಾರೆ ಸಾರ್." ಮುಂದಿನ ಪ್ರಶ್ನೆಗಳನ್ನು ಡಾಕ್ಟರ್ ಅವನಿಗೇ ಕೇಳಿದರು. ಊಟ ಮಾಡ್ತಾರೆ ಸಾರ್, ಮಲಗ್ತಾರೆ ಸಾರ್. ನಾಲ್ಕು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದ ಮೇಲೆ ದೊಡ್ಡಮ್ಮ ನಕ್ಕು ಅಂದಳು, "ಖಾಯಿಲೆ ಯಾರಿಗೆ ಬಂದಿದ್ದು, ಅವನಿಗೋ ನನಗೋ?"

ಈ ಖಾಯಿಲೆ ನಮ್ಮ ಹೆಣ್ಣುಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲನೆಯದು. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಲ್ಲಿ ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಪಶ್ಚಿಮದ ದೇಶಗಳಿಗಿಂತ ಇಲ್ಲಿ ಸುಮಾರು ಹತ್ತು ವರ್ಷ ಮೊದಲೇ ಇದು ಕಾಣಿಸಿಕೊಳ್ಳುತ್ತದೆ. ಅಂದರೆ ಮಗಳ ಮದುವೆ, ಮಗನ ಕಾಲೇಜು ಫೀಸು, ಅತ್ತೆಯ ಆರೈಕೆ, ಮೆಕ್ಕೆಜೋಳದ ಕಳೆ ಎಲ್ಲ ತಲೆ ಮೇಲಿರುವ ವಯಸ್ಸಿನಲ್ಲಿ. ಚಿಕ್ಕ ವಯಸ್ಸಿನವರ ಮನಸ್ಸಿಗೇ ಇದರ ಪೆಟ್ಟು ಜಾಸ್ತಿ ಅಂತ ಅಧ್ಯಯನಗಳೂ ಹೇಳುತ್ತವೆ.

ಮನಸ್ಸಿನ ಆಟ ಗಂಟು ಕೈಗೆ ಸಿಕ್ಕ ದಿನದಿಂದಲೇ ಶುರುವಾಗುತ್ತದೆ. ದೊಡ್ಡಮ್ಮ ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ನೋವಿರಲಿಲ್ಲ, ಅದಕ್ಕೆ ಸುಮ್ನಿದ್ದೆ ಅಂದಳು. ಈ ಗಂಟು ಮೊದಮೊದಲು ನೋಯುವುದು ಕಡಿಮೆ, ಜನ ಮೋಸ ಹೋಗೋದು ಅದರಿಂದಲೇ. ನಿಜವಾದ ಕಾರಣ ಬೇರೆ ಇತ್ತು. ಆ ಜಾಗದ ಹೆಸರು ಬಾಯಿ ಬಿಟ್ಟು ಹೇಳೋಕೆ ಅವಳಿಗೆ ನಾಚಿಕೆ. ಗಂಡನಿಗೆ ಹೇಳಿದರೆ ಸಾಲದ ಚಿಂತೆ ಮಾಡುತ್ತಾನೆ ಅನ್ನೋ ಅಂಜಿಕೆ. ಕೊನೆಗೆ ನನ್ನ ಹತ್ತಿರ ಸೆರಗಿನ ಮೇಲೆ ಬೆರಳಿಟ್ಟು "ಇಲ್ಲೊಂದು ಐತೆ" ಅಂದಳು. ನಾಚಿಕೆ, ಅಂಜಿಕೆ, ನನಗಾಗಿರೋಕೆ ಸಾಧ್ಯವೇ ಇಲ್ಲ ಅನ್ನೋ ಹಟ, ಇವು ಬರೀ ಮನಸ್ಸಿನ ವಿಷಯ ಅಂತ ತಳ್ಳಿಹಾಕೋಕಾಗಲ್ಲ. ಇವು ತಿಂಗಳುಗಟ್ಟಲೆ ತಡ ಮಾಡಿಸುತ್ತವೆ, ತಡವಾದಷ್ಟೂ ಗಂಟು ಬೆಳೆಯುತ್ತದೆ.

ಈಗ ನಿದ್ದೆಗೆ ಬರೋಣ. ಕ್ಯಾನ್ಸರ್ ಅಂತ ಗೊತ್ತಾದರೆ ಅಳು ಬರುತ್ತದೆ, ಹಸಿವು ಹೋಗುತ್ತದೆ, ರಾತ್ರಿ ಉದ್ದವಾಗುತ್ತದೆ. ಇದು ದುಃಖ. ಇದಕ್ಕೆ ಮಾತ್ರೆ ಬೇಡ. ಮೊಮ್ಮಗು ಬಂದು ಮಡಿಲಲ್ಲಿ ಕೂತಾಗ ಮುಖ ಅರಳಿದರೆ, ಧಾರಾವಾಹಿ ನೋಡಿ ನಡುವೆ ನಕ್ಕರೆ, ಅದು ದುಃಖವೇ ಇರಬಹುದು. ಖಿನ್ನತೆ ಬೇರೆ. ದಿನದ ಬಹುಪಾಲು ಮನಸ್ಸು ಕುಗ್ಗಿರುತ್ತದೆ, ಅಥವಾ ಮೊದಲು ಇಷ್ಟ ಇದ್ದದ್ದು ಯಾವುದೂ ಬೇಡವಾಗುತ್ತದೆ. ಇದು ಎರಡು ವಾರವಾದರೂ ಬಿಡದೆ ಕಾಡುತ್ತದೆ. ನಾನು ಎಲ್ಲರಿಗೂ ಭಾರ, ನಾನಿದ್ದು ಏನು ಉಪಯೋಗ ಅನ್ನೋ ಮಾತು ಬರುತ್ತದೆ. ಮೊಮ್ಮಗು ಬಂದರೂ ಮುಖ ಅರಳಲ್ಲ.

ಆದರೆ ಒಂದು ತೊಡಕಿದೆ. ಖಿನ್ನತೆಯ ಗುರುತುಗಳಾದ ಸುಸ್ತು, ಹಸಿವಿಲ್ಲದಿರೋದು, ತೂಕ ಇಳಿಯೋದು, ನಿದ್ದೆ ಕೆಡೋದು ಇವೆಲ್ಲ ಕೀಮೋದಿಂದಲೂ, ಅಂದರೆ ಕ್ಯಾನ್ಸರಿಗೆ ಕೊಡುವ ಮದ್ದಿನಿಂದಲೂ, ಬರುತ್ತವೆ. ಯಾವುದು ಮದ್ದಿನದು, ಯಾವುದು ಮನಸ್ಸಿನದು? ಇದಕ್ಕೆ 1983ರಲ್ಲಿ ಇಂಗ್ಲೆಂಡಿನ ಇಬ್ಬರು ಮನೋವೈದ್ಯರು, ಜಿಗ್ಮಂಡ್ ಮತ್ತು ಸ್ನೈತ್, ಒಂದು ಉಪಾಯ ಮಾಡಿದರು. ಅವರ ಪ್ರಶ್ನಾವಳಿಗೆ ಹ್ಯಾಡ್ಸ್ ಅಂತ ಹೆಸರು. 14 ಪ್ರಶ್ನೆ, ಏಳು ಆತಂಕಕ್ಕೆ, ಏಳು ಖಿನ್ನತೆಗೆ. ಹಸಿವು, ತೂಕ, ನಿದ್ದೆಯಂಥ ಮೈಗೆ ಸಂಬಂಧಪಟ್ಟ ಪ್ರಶ್ನೆಗಳನ್ನು ಬೇಕೆಂದೇ ಬಿಟ್ಟರು. ಮೊದಲಿನ ಹಾಗೆ ನಗೋಕಾಗುತ್ತಾ, ಸಂತೋಷ ಪಡೋಕಾಗುತ್ತಾ ಅಂತ ಕೇಳಿದರು. ಎರಡಕ್ಕೂ 21ರವರೆಗೆ ಅಂಕ. ಏಳರ ಒಳಗಿದ್ದರೆ ಚಿಂತೆಯಿಲ್ಲ, 11 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೋವೈದ್ಯರು ನೋಡಬೇಕು.

ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು 2011ರಲ್ಲಿ ಒಟ್ಟು ಹಾಕಿ ನೋಡಿದಾಗ ಸುಮಾರು ಆರರಲ್ಲಿ ಒಬ್ಬರಿಗೆ ಖಿನ್ನತೆ ಇರುವುದು ಕಂಡಿತು. ಈ ಲೆಕ್ಕವನ್ನು ತಿರುಗಿಸಿಯೂ ಓದಬೇಕು. ಐವರಿಗೆ ಖಿನ್ನತೆ ಇಲ್ಲ. ಅವರಿಗೆ ದುಃಖ ಇದೆ, ಭಯ ಇದೆ, ಆದರೂ ನಡೆಸಿಕೊಂಡು ಹೋಗುತ್ತಾರೆ. ಕ್ಯಾನ್ಸರ್ ಬಂತು, ಹಾಗಾಗಿ ಖಿನ್ನತೆ ಇರಲೇಬೇಕು ಅನ್ನೋದು ತಪ್ಪು. ಕ್ಯಾನ್ಸರ್ ಬಂದವರಿಗೆ ಖಿನ್ನತೆ ಸಹಜ ತಾನೇ, ಬಿಡಿ ಅನ್ನೋದು ಇನ್ನೂ ದೊಡ್ಡ ತಪ್ಪು. ಯಾಕಂದ್ರೆ ಆ ಒಬ್ಬಳಿಗೆ ಚಿಕಿತ್ಸೆ ಇದೆ. ಖಿನ್ನತೆ ಇರುವವರು ಡಾಕ್ಟರ್ ಹೇಳಿದ ಚಿಕಿತ್ಸೆಯನ್ನು ತಪ್ಪಿಸುವ ಸಾಧ್ಯತೆ ಸುಮಾರು ಮೂರು ಪಟ್ಟು ಅಂತ 2000ದಲ್ಲಿ ಬಂದ ಒಂದು ಪರಿಶೀಲನೆ ಹೇಳಿತ್ತು. ಅದು ಬೇರೆ ಬೇರೆ ಖಾಯಿಲೆಗಳನ್ನು ಸೇರಿಸಿ ಮಾಡಿದ್ದು. ನಾಲ್ಕನೇ ಕೀಮೋಗೆ ಬರಲ್ಲ ಅಂತ ಹಟ ಹಿಡಿದು ಕೂತವಳನ್ನು ಹಟಮಾರಿ ಅನ್ನೋ ಮೊದಲು ಇದು ನೆನಪಿರಲಿ.

ನಮಗೆ ಯಾರೂ ಹೇಳದೇ ಇದ್ದ ಇನ್ನೊಂದು ವಿಷಯ ಮದ್ದುಗಳದ್ದು. ಕೀಮೋ ದಿನ ವಾಂತಿ ತಡೆಯೋಕೆ, ಅಲರ್ಜಿ ಆಗದಿರೋಕೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಕೊಡುತ್ತಾರೆ. ಅದು ಒಳಗಿದ್ದಾಗ ಮೈ ಚುರುಕು, ಮಾತು ಜಾಸ್ತಿ, ರಾತ್ರಿ ಕಣ್ಣು ಮುಚ್ಚಲ್ಲ. ಅದು ಇಳಿಯುತ್ತಿದ್ದ ಹಾಗೆ, ಮೂರನೇ ನಾಲ್ಕನೇ ದಿನ, ಕಾರಣವಿಲ್ಲದ ಅಳು ಬರಬಹುದು. ದೊಡ್ಡಮ್ಮ ಪ್ರತಿ 21 ದಿನಕ್ಕೊಮ್ಮೆ ಕೀಮೋ ಮುಗಿಸಿ ಬಂದು ಮೂರನೇ ದಿನ ಅಳುತ್ತಿದ್ದಳು. ಮನೆಯಲ್ಲಿ "ಯಾರು ಏನಂದ್ರು?" ಅಂತ ವಿಚಾರಣೆ ಶುರು. ಒಮ್ಮೆ ಸೊಸೆಗೆ ಬೈಗುಳವೂ ಬಿತ್ತು, ಪಾಪ. ಮುಂಚೆಯೇ ಯಾರಾದರೂ "ಮೂರನೇ ದಿನ ಅಳು ಬರಬಹುದು, ಮದ್ದಿನದು, ಹೋಗುತ್ತೆ" ಅಂದಿದ್ದರೆ ಆ ಜಗಳ ತಪ್ಪುತ್ತಿತ್ತು.

ಮುಟ್ಟು ಇನ್ನೂ ನಿಲ್ಲದವರಿಗೆ ಕೀಮೋ ಅದನ್ನು ದಿಢೀರನೆ ನಿಲ್ಲಿಸಬಹುದು. ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಬಿಸಿ ಏರುತ್ತದೆ, ರಾತ್ರಿ ಬೆವರು ಸುರಿಯುತ್ತದೆ, ಸಿಟ್ಟು ಬರುತ್ತದೆ. ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರಿಗೆ ಐದರಿಂದ ಹತ್ತು ವರ್ಷ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯಿಂದಲೂ ಇದೇ ಬಿಸಿ. ಮತ್ತೆ ಮರೆವು. ಹಾಲು ಒಲೆ ಮೇಲಿಟ್ಟು ಮರೆಯೋದು, ಸಾರಿಗೆ ಎರಡು ಸಲ ಉಪ್ಪು ಹಾಕೋದು, ಮಾತಿನ ನಡುವೆ ಹೆಸರು ಸಿಗದೇ ನಿಲ್ಲೋದು. ತಲೆ ಕೆಟ್ಟಿತು ಅಂತ ಎಷ್ಟೋ ಜನ ಹೆದರುತ್ತಾರೆ. ಬಹಳಷ್ಟು ಮಂದಿಗೆ ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಇದು ಸುಧಾರಿಸುತ್ತಾ ಹೋಗುತ್ತದೆ. ಸುಸ್ತಂತೂ ಮಲಗೆದ್ದರೂ ಹೋಗದ ಸುಸ್ತು. ಅದನ್ನು ಸೋಮಾರಿತನ ಅಂತ ತಿಳಿಯುವ ಅತ್ತೆಯರಿಗೇನೂ ಬರ ಇಲ್ಲ.

ಮೈ ಬಗ್ಗೆ ಹೇಳುವಾಗ ಎದೆ ಹೋದದ್ದನ್ನೇ ಎಲ್ಲರೂ ದೊಡ್ಡದು ಮಾಡುತ್ತಾರೆ. ದೊಡ್ಡಮ್ಮನಿಗೆ ಅದಕ್ಕಿಂತ ಕೂದಲಿನ ದುಃಖ ಜಾಸ್ತಿ ಇತ್ತು. ಎದೆಯನ್ನು ಸೆರಗು ಮುಚ್ಚುತ್ತದೆ. ತಲೆಯನ್ನು? ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಹಿಡಿ ಹಿಡಿಯಾಗಿ ಕೈಗೆ ಬಂತು. ಜಡೆ, ಹೂವು, ಕುಂಕುಮ, ಬಳೆ ಇವೆಲ್ಲ ನಮ್ಮಲ್ಲಿ ಬರೀ ಅಲಂಕಾರ ಅಲ್ವಲ್ಲ. ಬೋಳು ತಲೆ ಹೆಂಗಸಿಗೆ ಊರು ಕೊಡುವ ಅರ್ಥ ಬೇರೆ. ಅದಕ್ಕೆ ದೊಡ್ಡಮ್ಮ ಒಂದು ದಾರಿ ಹುಡುಕಿದಳು. ಹೊಸಬರು ಕೇಳಿದರೆ "ತಿರುಪತಿಗೆ ಮುಡಿ ಕೊಟ್ಟೆ" ಅಂದುಬಿಡುತ್ತಿದ್ದಳು. ಸುಳ್ಳು ಹೇಳಿದ್ದಕ್ಕೆ ಆಮೇಲೆ ತಿಮ್ಮಪ್ಪನಿಗೆ ತಪ್ಪುಕಾಣಿಕೆ ಕಟ್ಟಿಟ್ಟಳು ಅನ್ನೋದು ಬೇರೆ ಮಾತು. ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ.

ಎದೆಯ ವಿಷಯದಲ್ಲಿ ಒಂದು ಮಾಹಿತಿ ಮುಂಚೆಯೇ ಗೊತ್ತಿರಬೇಕು. ಬೇಗ ಸಿಕ್ಕ ಗಂಟಾದರೆ ಎದೆ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವ ಲೆಕ್ಕ ಒಂದೇ ಅಂತ ಅಮೆರಿಕ ಮತ್ತು ಇಟಲಿಯ ಎರಡು ದೊಡ್ಡ ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲೇ ಬಂದಿದೆ. ಆದರೆ ರೇಡಿಯೇಷನ್, ನಮ್ಮ ಜನ ಹೇಳುವ ಹಾಗೆ "ಕರೆಂಟ್ ಕೊಡೋದು", ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ ನಡೆಯುತ್ತದೆ. ಮೊಳಕಾಲ್ಮೂರಿನಿಂದಲೋ ಹೊಸದುರ್ಗದಿಂದಲೋ ಬಂದವರು ಅಷ್ಟು ದಿನ ಎಲ್ಲಿ ಉಳಿಯಬೇಕು? ಎಮ್ಮೆ ಹಾಲು ಕರೆಯೋರು ಯಾರು? "ಪೂರ್ತಿ ತೆಗೆದುಬಿಡಿ ಸಾರ್, ಒಂದೇ ಸಲ ಮುಗೀಲಿ" ಅನ್ನೋ ಮಾತಿನಲ್ಲಿ ಹೀಗೆ ಬಸ್ ಚಾರ್ಜೂ ಎಮ್ಮೆಯೂ ಸೇರಿರುತ್ತವೆ. ಎಷ್ಟೋ ಮಂದಿಗೆ ಪೂರ್ತಿ ತೆಗೆಯೋದೇ ಸರಿಯಾದ ಚಿಕಿತ್ಸೆ, ನಮ್ಮ ದೊಡ್ಡಮ್ಮನಿಗೂ ಹಾಗೇ ಆಯಿತು. ಕೇಳಿ ತಿಳಿದುಕೊಂಡು ಆರಿಸಿದರೆ ಆಮೇಲೆ ಕೊರಗು ಕಡಿಮೆ, ಅಷ್ಟೇ. ಅವಳು ಕುಪ್ಪಸದ ಒಳಗೆ ಒಂದು ಜೇಬು ಹೊಲಿಸಿದಳು. ಅದಕ್ಕೆ ಹತ್ತಿ, ಹತ್ತಿಯ ನಡುವೆ ತೂಕಕ್ಕೆ ಒಂದು ಸಣ್ಣ ಗಂಟು ರಾಗಿ. ಅಂಗಡಿಯಲ್ಲಿ ಸಿಲಿಕಾನಿನದು ಸಿಗುತ್ತದೆ, ಬೆಲೆ ಕೇಳಿ ಬೇಡ ಅಂದಳು.

ಬಳೆಯ ಕಥೆ ಬೇರೆ. ಕಂಕುಳಿನ ಗ್ರಂಥಿ ತೆಗೆದರೆ ಕೆಲವರಿಗೆ ಆ ಕಡೆಯ ಕೈಯಲ್ಲಿ ದ್ರವ ನಿಂತು ಊತ ಬರುತ್ತದೆ. ತಿಂಗಳುಗಳ ಮೇಲೆ, ವರ್ಷಗಳ ಮೇಲೂ ಬರಬಹುದು. ನಮ್ಮ ಹೆಂಗಸರಿಗೆ ಇದು ಮೊದಲು ಗೊತ್ತಾಗೋದು ಬಳೆಯಿಂದ. ನಿನ್ನೆ ಆಡುತ್ತಿದ್ದ ಬಳೆ ಇವತ್ತು ಬಿಗಿ. ಆಗಲೇ ತೋರಿಸಿದರೆ ಮಾಲೀಸು, ಬಿಗಿಪಟ್ಟಿ, ವ್ಯಾಯಾಮದಿಂದ ಹಿಡಿತಕ್ಕೆ ಬರುತ್ತದೆ. ಆ ಕೈಯಲ್ಲಿ ಏನೂ ಎತ್ತಲೇಬಾರದು ಅಂತ ಹಿಂದೆ ಹೇಳುತ್ತಿದ್ದರು. ಹೇಳಿಕೊಡುವವರ ಕಣ್ಣ ಮುಂದೆ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದರೆ ಊತ ಜಾಸ್ತಿಯಾಗಲ್ಲ ಅಂತ 2009ರ ಒಂದು ಅಧ್ಯಯನ ತೋರಿಸಿತು. ಇದು ನಮಗೆ ತಡವಾಗಿ ಗೊತ್ತಾಯಿತು. ದೊಡ್ಡಮ್ಮ ಅಷ್ಟರಲ್ಲಿ ಎರಡೂ ಕೈಯ ಬಳೆ ತೆಗೆದಿಟ್ಟು ಆಗಿತ್ತು. ಬರಿಗೈ ನೋಡಿ ಜನ ಏನೇನೋ ಕೇಳಿದರು. ಅದಾದ ಮೇಲೆ ಉಡಿ ತುಂಬೋಕೆ ಕರೆದರೂ ಅವಳು ಹೋಗಲಿಲ್ಲ.

ಮನೆಯವರ ಬಗ್ಗೆ ಒಂದು ಮಾತು. ಜೊತೆಗೆ ಜನ ಇರುವವರ ಜೀವನದ ಗುಣಮಟ್ಟ ಚೆನ್ನಾಗಿರುತ್ತದೆ ಅಂತ ಎಲ್ಲ ಕಡೆಯ ಅಧ್ಯಯನಗಳೂ ಹೇಳುತ್ತವೆ. ಜನಕ್ಕೆ ನಮ್ಮಲ್ಲಿ ಕೊರತೆ ಇಲ್ಲ. ಆದರೆ ಅದೇ ಜನ ರೋಗಿಗೆ ನಿಜ ಹೇಳಬೇಡಿ ಅಂತ ಡಾಕ್ಟರಿಗೆ ಕಣ್ಸನ್ನೆ ಮಾಡುತ್ತಾರೆ. "ಗಡ್ಡೆ ಅಷ್ಟೇ, ತೆಗೆದಿದಾರೆ" ಅಂತ ನಾವೂ ಹೇಳಿದ್ದೆವು. ಅವಳಿಗೆ ಎಲ್ಲ ಗೊತ್ತಿತ್ತು, ವಾರ್ಡಿನ ಬೋರ್ಡು ಅವಳಿಗೂ ಓದೋಕೆ ಬರುತ್ತದೆ. ನಮಗೆ ನೋವಾಗುತ್ತದೆ ಅಂತ ಗೊತ್ತಿಲ್ಲದವಳ ಹಾಗೆ ನಟಿಸಿದಳು. ಒಂದೇ ಮನೆಯಲ್ಲಿ ಎರಡು ನಾಟಕ. ಎರಡರಲ್ಲೂ ಭಯ ಹೇಳಿಕೊಳ್ಳುವ ದೃಶ್ಯ ಇರಲಿಲ್ಲ. ಇನ್ನು ದೊಡ್ಡಪ್ಪ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದವನು, ಒಂದು ಮಾತು ಆಡಲಿಲ್ಲ. ನೋಡಿಕೊಳ್ಳುವವರ ಮನಸ್ಸನ್ನು ಯಾರೂ ಕೇಳಲ್ಲ. ಸೊಸೆಯದ್ದನ್ನಂತೂ ಕೇಳುವ ಪದ್ಧತಿಯೇ ಇಲ್ಲ. ಅಂದ ಹಾಗೆ, ಇದು ಅಂಟುರೋಗ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ.

ನನಗೆ ಸಿಟ್ಟು ಬರೋದು "ಪಾಸಿಟಿವ್ ಆಗಿದ್ರೆ ಕ್ಯಾನ್ಸರ್ ಗೆಲ್ಲಬಹುದು" ಅನ್ನೋ ವಾಟ್ಸಾಪ್ ಸಂದೇಶಕ್ಕೆ. ಇದರ ಹಿಂದೆ ಒಂದು ಕುತೂಹಲದ ಕಥೆ ಇದೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಒಂದು ಅಧ್ಯಯನ ಪ್ರಕಟಿಸಿದರು. ಎದೆ ಕ್ಯಾನ್ಸರ್ ಮೈಗೆಲ್ಲ ಹರಡಿದ್ದ 86 ಹೆಂಗಸರಲ್ಲಿ ಕೆಲವರು ಒಂದು ವರ್ಷ ವಾರಕ್ಕೊಮ್ಮೆ ಸೇರಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಅವರು ಸರಾಸರಿ ಸುಮಾರು 37 ತಿಂಗಳು ಬದುಕಿದರು, ಗುಂಪಿಗೆ ಸೇರದವರು ಸುಮಾರು 19 ತಿಂಗಳು. ಜಗತ್ತೇ ಬೆರಗಾಯಿತು. ಆದರೆ ವಿಜ್ಞಾನದಲ್ಲಿ ಒಂದು ಸಲ ಬಂದದ್ದು ಸಾಲದು. ಕೆನಡಾದಲ್ಲಿ 235 ಹೆಂಗಸರ ಮೇಲೆ ಅದನ್ನೇ ಮಾಡಿ 2001ರಲ್ಲಿ ಫಲಿತಾಂಶ ಕೊಟ್ಟರು. ಆಯುಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗಲ್ ತಾವೇ ಮತ್ತೆ ಮಾಡಿ ನೋಡಿದರು. ಒಟ್ಟಾರೆ ಆಗಲೂ ಹೆಚ್ಚಲಿಲ್ಲ.

ಹಾಗಾದರೆ ಮಾತಾಡಿದ್ದೆಲ್ಲ ದಂಡವೇ? ಕೆನಡಾದ ಅದೇ ಅಧ್ಯಯನದಲ್ಲಿ ಗುಂಪಿನಲ್ಲಿ ಮಾತಾಡಿದವರ ಸಂಕಟ ಕಡಿಮೆಯಾಗಿತ್ತು, ನೋವು ಕೂಡ ಕಡಿಮೆ ಅನ್ನಿಸಿತ್ತು. ಎಷ್ಟು ದಿನ ಅನ್ನೋದು ಬದಲಾಗಲಿಲ್ಲ, ಆ ದಿನಗಳು ಹೇಗಿದ್ದವು ಅನ್ನೋದು ಬದಲಾಯಿತು. ನನ್ನ ಮಟ್ಟಿಗೆ ಅಷ್ಟು ಸಾಕು. ಪಾಸಿಟಿವ್ ಆಗಿದ್ದರೆ ಗೆಲ್ಲುತ್ತೀಯ ಅಂದರೆ, ರೋಗ ಮರಳಿದಾಗ ನಾನು ಸರಿಯಾಗಿ ಧೈರ್ಯ ಮಾಡಲಿಲ್ಲ ಅಂತ ಆಕೆ ತನ್ನನ್ನೇ ಬೈದುಕೊಳ್ಳಬೇಕಾಗುತ್ತದೆ. ಚಿಂತೆ ಮಾಡಿ ಮಾಡಿ ಕ್ಯಾನ್ಸರ್ ತಂದುಕೊಂಡಳು ಅನ್ನೋದೂ ಇದೇ ಜಾತಿಯ ಮಾತು. ಯುರೋಪಿನ ಸುಮಾರು 1.16 ಲಕ್ಷ ಜನರ ಮಾಹಿತಿ ಇಟ್ಟುಕೊಂಡು 2013ರಲ್ಲಿ ನೋಡಿದಾಗ ಕೆಲಸದ ಒತ್ತಡಕ್ಕೂ ಎದೆ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ.

ಹಣೆಬರಹ, ಕರ್ಮ ಅನ್ನೋದನ್ನು ಓದಿದವರು ಗೇಲಿ ಮಾಡುತ್ತಾರೆ. ನಾನು ಮಾಡಲ್ಲ. ಅದು ಎರಡು ಕಡೆ ಹರಿತ ಇರುವ ಕುಡುಗೋಲು. "ಬಂದಿದ್ದು ಅನುಭವಿಸೋಣ, ನಡೀರಿ ಆಸ್ಪತ್ರೆಗೆ" ಅನ್ನುವವಳಿಗೆ ಅದು ಊರುಗೋಲು. "ನಾನೇನು ಪಾಪ ಮಾಡಿದ್ದೆ" ಅಂತ ರಾತ್ರಿಯಿಡೀ ಲೆಕ್ಕ ಹಾಕುವವಳಿಗೆ ಅದೇ ಗಾಯ. ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗಿ ಬಂದು ಮನಸ್ಸು ಹಗುರಾಯಿತು ಅಂದರೆ ಒಳ್ಳೆಯದೇ. ಕೀಮೋ ತಾರೀಖು ತಪ್ಪಬಾರದು, ಅಷ್ಟೇ.

ಎಲ್ಲ ಮುಗಿದ ದಿನ ಮನೆಯಲ್ಲಿ ಹೋಳಿಗೆ ಮಾಡಿದೆವು. ಅದಾದ ವಾರಕ್ಕೇ ದೊಡ್ಡಮ್ಮ ಕುಸಿದಳು. ನಮಗೆ ಅರ್ಥವಾಗಲಿಲ್ಲ. ಗೆದ್ದ ಮೇಲೆ ಅಳೋದು ಯಾಕೆ? ಇದು ಬಹಳ ಜನರಿಗೆ ಆಗುವಂಥದ್ದೇ. ಚಿಕಿತ್ಸೆ ನಡೆಯುವಾಗ ತಾರೀಖು ಇರುತ್ತದೆ, ನರ್ಸ್ ಇರುತ್ತಾರೆ, ಏನೋ ಒಂದು ನಡೀತಿದೆ ಅನ್ನೋ ಭರವಸೆ ಇರುತ್ತದೆ. ಅದು ನಿಂತ ದಿನ ನೋಡುವವರು ಯಾರೂ ಇಲ್ಲ ಅನ್ನಿಸುತ್ತದೆ. ಮನೆಯವರು ಅವರವರ ಕೆಲಸಕ್ಕೆ ಹೋಗುತ್ತಾರೆ. ಆಗ ಮರಳಿ ಬರುವ ಭಯ ಹೊಕ್ಕುತ್ತದೆ. ಬೆನ್ನು ನೋವು ಬಂದರೆ ಮೂಳೆಗೆ ಬಂತಾ? ತಲೆನೋವು ಬಂದರೆ ಮೆದುಳಿಗಾ? ಚೆಕಪ್ ತಾರೀಖು ಹತ್ತಿರ ಬಂದಷ್ಟೂ ಊಟ ಸೇರಲ್ಲ. ಈ ಭಯ ಪೂರ್ತಿ ಹೋಗೋದು ಕಡಿಮೆ. ಯಾವ ನೋವಿಗೆ ಡಾಕ್ಟರ್ ಹತ್ತಿರ ಓಡಬೇಕು, ಯಾವುದಕ್ಕೆ ಎರಡು ವಾರ ಕಾಯಬಹುದು ಅಂತ ಕೇಳಿ ಬರೆಸಿಟ್ಟುಕೊಂಡರೆ ಅದರ ಹಲ್ಲು ಮೊಂಡಾಗುತ್ತದೆ.

ಇದಕ್ಕೆಲ್ಲ ಏನು ಮಾಡಬಹುದು? ಸುಸ್ತಿಗೆ ಅತಿ ಹೆಚ್ಚು ಪುರಾವೆ ಇರುವ ಮದ್ದು ನಡಿಗೆ. ಕೇಳಿದರೆ ನಗು ಬರುತ್ತದೆ, ಆದರೆ ನಿಜ. ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ, ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ ಏರಿಸಿದರೆ ಇಳಿಯುತ್ತದೆ. ಆತಂಕಕ್ಕೆ, ನಿದ್ದೆಗೆ, ಖಿನ್ನತೆಗೆ ಮಾತಿನ ಚಿಕಿತ್ಸೆ ಇದೆ. ಮನಸ್ಸಿನಲ್ಲಿ ತಿರುಗುವ ಯೋಚನೆಯನ್ನು ಹಿಡಿದು ಪರೀಕ್ಷೆ ಮಾಡೋದನ್ನು ಕಲಿಸುತ್ತಾರೆ. ಅದು ಸಾಲದಿದ್ದರೆ ಮಾತ್ರೆ. ಇಲ್ಲೊಂದು ಎಚ್ಚರಿಕೆ ಇದೆ, ದಯವಿಟ್ಟು ಗಮನಿಸಿ. ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ ಮೈಯಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗೋದನ್ನು ತಡೆಯುತ್ತವೆ. ಬೇರೆ ಮಾತ್ರೆಗಳಿವೆ. ಮನೋವೈದ್ಯರಿಗೆ "ಟ್ಯಾಮಾಕ್ಸಿಫೆನ್ ತಗೋತಿದೀನಿ" ಅಂತ ಮೊದಲೇ ಹೇಳಿ. ಈಗಾಗಲೇ ತಗೋತಿದ್ದರೆ ನೀವೇ ನಿಲ್ಲಿಸಬೇಡಿ, ಹೋಗಿ ಕೇಳಿ.

ಇದಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅದು ದೇಶಕ್ಕೆ ಬಂದದ್ದು 1996ರಲ್ಲಿ. ಅದಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಕೆಲಸ. ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕಳಿಸುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಹೋಗೋಕೆ ನಾಚಿಕೆ ಆದರೆ ಫೋನ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನೋ ಮಾತು ಬಂದರೆ ಕಾಯಬೇಡಿ, ಆಗಲೇ ಮಾಡಿ.

ಮನೆಯವರಾಗಿ ನಾವು ಕಲಿತದ್ದು ಒಂದು ಸಣ್ಣ ಬದಲಾವಣೆ. "ಧೈರ್ಯವಾಗಿರು" ಅಂದರೆ ಎದುರಿನವರು "ಹ್ಞೂಂ" ಅನ್ನಬೇಕು, ಬೇರೆ ಉತ್ತರವೇ ಇಲ್ಲ. "ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಯ್ತು?" ಅಂತ ಕೇಳಿದರೆ ಅವಳು ಮಾತಾಡುತ್ತಾಳೆ. ದೊಡ್ಡಮ್ಮ ಮಾತಾಡಿದಳು. ಮೂರು ಗಂಟೆಗೆ ಎದ್ದು ಏನು ಯೋಚಿಸುತ್ತಾಳೆ ಅಂತ ಹೇಳಿದಳು. ಸಾವಿನ ಬಗ್ಗೆ ಇರಬಹುದು ಅಂದುಕೊಂಡಿದ್ದೆ. ಅವಳ ಯೋಚನೆ ಸ್ತ್ರೀಶಕ್ತಿ ಸಂಘದ ಸಾಲದ್ದು. ತನ್ನ ಚಿಕಿತ್ಸೆಗೆ ಅಂತ ಮಗ ಇನ್ನೊಂದು ಎತ್ತಿದ್ದು ಅವಳಿಗೆ ಗೊತ್ತಾಗಿತ್ತು. ಆ ಲೆಕ್ಕವನ್ನು ಅವಳ ಮುಂದೆ ಕೂತು ಬರೆದು ತೋರಿಸಿದ ಮೇಲೆ ನಾಲ್ಕೂವರೆವರೆಗೆ ಮಲಗತೊಡಗಿದಳು.

ಜೀವನದ ಗುಣಮಟ್ಟ ಅಳೆಯುವವರು ಒಂದು ವಿಚಿತ್ರ ಗಮನಿಸಿದ್ದಾರೆ. ಮೈ ಮೊದಲಿನಂತಾಗದಿದ್ದರೂ ಎಷ್ಟೋ ಜನ ವರ್ಷಗಳ ಮೇಲೆ ತಮ್ಮ ಬದುಕಿಗೆ ಒಳ್ಳೆಯ ಅಂಕವನ್ನೇ ಹಾಕುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಒಳಗಿನ ಅಳತೆಗೋಲೇ ಬದಲಾಗಿರುತ್ತದೆ. ಮೊದಲು ಚೆನ್ನಾಗಿರೋದು ಅಂದರೆ ಮೇವಿನ ಹೊರೆ ಹೊತ್ತು ತರೋದು. ಈಗ ಚೆನ್ನಾಗಿರೋದು ಅಂದರೆ ಯಾರನ್ನೂ ಕರೆಯದೆ ತಾನೇ ಕುಪ್ಪಸ ತೊಡೋದು, ಬಿಸಿ ರೊಟ್ಟಿ ಬಾಯಿಗೆ ರುಚಿಸೋದು. ಹೀಗಾಗಿಯೇ ಅಂಕವನ್ನು ಹೊರಗಿನವರು ಹಾಕೋಕಾಗಲ್ಲ.

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕಳೆದ ಸಲದ ಜಾತ್ರೆಗೆ ದೊಡ್ಡಮ್ಮನೇ ನನ್ನನ್ನು ಎಬ್ಬಿಸಿಕೊಂಡು ಹೋದಳು. ಉಡಿ ತುಂಬಿಸಿ ಹೊರಗೆ ಬಂದು ಬಳೆ ಅಂಗಡಿ ಮುಂದೆ ಕೂತಳು. ಬಳೆಗಾರ ಬಲಗೈ ಹಿಡಿದು ನೋಡಿ "ಎರಡು-ಆರು ಆಗ್ತದಮ್ಮ" ಅಂದ. ಡಜನ್ ಕಟ್ಟು ಬಿಚ್ಚಿದ. ದೊಡ್ಡಮ್ಮ ಎಡಗೈಯನ್ನೂ ಮುಂದೆ ಇಟ್ಟಳು.

"ಈ ಕೈಗೆ ಎರಡು-ಎಂಟು ಕೊಡಪ್ಪಾ. ಬಣ್ಣ ಅದೇ ಇರಲಿ."